‘ಎಸ್’ ಇಲ್ಲದ ಸೆಂಟ್: ಆಲ್ದೂರು ಕಡೆಯ ಒಂದು ಮನೆಯ ಪ್ರೂಫ್ ಸೆಟ್ಟುಗಳ ಪ್ರಕರಣ

ಪ್ರೂಫ್ ಸೆಟ್ಟು, ಅಂದರೆ ಕೂಡಿಸುವವರಿಗೆಂದೇ ಟಂಕಸಾಲೆ ವಿಶೇಷ ಹೊಳಪಿನಲ್ಲಿ ಹೊಡೆದು ಪೆಟ್ಟಿಗೆಯಲ್ಲಿಟ್ಟು ಮಾರುವ ನಾಣ್ಯಗಳ ಜೋಡಣೆ, ಕೈಗೆ ಬಂದಾಗ ಹೆಚ್ಚಿನವರು ಪೆಟ್ಟಿಗೆ ನೋಡುತ್ತಾರೆ, ಇಸವಿ ನೋಡುತ್ತಾರೆ, ಹೊಳಪು ನೋಡುತ್ತಾರೆ. ಆದರೆ ಬೆಲೆ ತೀರ್ಮಾನವಾಗುವುದು ಬಹಳ ಸಲ ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದು ಅಕ್ಷರದ ಮೇಲೆ, ನಾಣ್ಯ ಯಾವ ಟಂಕಸಾಲೆಯದು ಎಂದು ಹೇಳುವ ಗುರುತಿನ ಮೇಲೆ. ಆ ಅಕ್ಷರ ಇದೆಯಾ? ಇದ್ದರೆ ಯಾವ ಆಕಾರದ್ದು? ಇಲ್ಲದಿದ್ದರೆ ಯಾಕಿಲ್ಲ? ಮೊದಲ ಎರಡು ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಮೂರನೆಯದನ್ನು ಕೇಳುವವರು ಕಡಿಮೆ. ಅದನ್ನು ಕೇಳದೆ ಒಂದು ಮನೆಯಲ್ಲಿ ಅಣ್ಣ-ತಂಗಿ ಮಾತು ಬಿಡುವ ಹಂತಕ್ಕೆ ಬಂದಿದ್ದರು. ಅದಕ್ಕೇ ಈ ಪ್ರಕರಣವನ್ನು ವಿವರವಾಗಿ ಬರೆಯುತ್ತಿದ್ದೇನೆ. ಮನೆಯವರು ಒಪ್ಪಿದ್ದಾರೆ, ಹೆಸರು ಮಾತ್ರ ಬೇಡ ಎಂದಿದ್ದಾರೆ.

ಮನೆ, ಬೀರು, ಮತ್ತು ಜಗಳ

ಚಿಕ್ಕಮಗಳೂರಿನಿಂದ ಆಲ್ದೂರು ಕಡೆಗೆ ಹೋಗುವಾಗ ರಸ್ತೆ ಬಿಟ್ಟು ಒಳಗಿರುವ ಕಾಫಿ ತೋಟದ ಮನೆ ಅದು. ಯಜಮಾನರು ತೀರಿಕೊಂಡು ವರ್ಷ ಕಳೆದಿತ್ತು. ಅವರ ತಮ್ಮ ಓದಲು ಅಮೆರಿಕಕ್ಕೆ ಹೋದವರು ಅಲ್ಲೇ ನೆಲೆ ನಿಂತರು. 1973ರಿಂದ 1998ರವರೆಗೆ ಪ್ರತಿ ವರ್ಷದ ಅಮೆರಿಕನ್ ಪ್ರೂಫ್ ಸೆಟ್ಟನ್ನು ಅಣ್ಣನಿಗೆ ತಲುಪಿಸಿದರು. ತಾವೇ ಬಂದಾಗ ತಂದರು, ಇಲ್ಲವಾದರೆ ಊರಿಗೆ ಬರುವವರ ಕೈಲಿ ಕಳಿಸಿದರು. ಈಗ ಆ ತಮ್ಮನೂ ಇಲ್ಲ. ಯಜಮಾನರು ತಮ್ಮ ದುಡ್ಡಿನಲ್ಲಿ ಕೊಂಡ ಸೆಟ್ಟು ಒಂದೇ: 1969ರ ಗಾಂಧಿ ಶತಮಾನೋತ್ಸವದ್ದು, ನಮ್ಮ ಮುಂಬೈ ಟಂಕಸಾಲೆಯದು. ಎಲ್ಲವೂ ಸ್ಟೀಲ್ ಬೀರುವಿನ ಒಳ ಖಾನೆಯಲ್ಲಿದ್ದವು.

ಯಜಮಾನರು ಇರುವಷ್ಟು ದಿನ ಅವುಗಳ ಬೆಲೆ ಬಗ್ಗೆ ಯಾರೂ ಮಾತಾಡಿರಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಒಂದು ಸುದ್ದಿ ಬಂತು. ಗ್ರೇಟ್ ಕಲೆಕ್ಷನ್ಸ್ ಎಂಬ ಅಮೆರಿಕನ್ ಹರಾಜು ಸಂಸ್ಥೆಯಲ್ಲಿ 1975ರ ಪ್ರೂಫ್ ಸೆಟ್ಟಿನ ಒಂದು ಡೈಮ್, ಅಂದರೆ ಹತ್ತು ಸೆಂಟಿನ ನಾಣ್ಯ, 5,06,250 ಡಾಲರ್‌ಗೆ ಹೋಯಿತು. ನಮ್ಮ ಲೆಕ್ಕದಲ್ಲಿ 4 ಕೋಟಿ ರೂಪಾಯಿಗೂ ಜಾಸ್ತಿ. ಆ ನಾಣ್ಯದ ಮೇಲೆ ಇರಬೇಕಾಗಿದ್ದ ‘ಎಸ್’ ಅಕ್ಷರ ಇರಲಿಲ್ಲ, ಅಷ್ಟೇ. ಅಂಥ ಡೈಮ್ ಈವರೆಗೆ ಗೊತ್ತಿರುವುದು ಎರಡೇ. ಮಾರಿದವರು ಓಹಾಯೊದ ಮೂವರು ಅಕ್ಕತಂಗಿಯರು. ಸಹೋದರ ತೀರಿಕೊಂಡ ಮೇಲೆ ಅದು ಅವರ ಕೈಗೆ ಬಂದಿತ್ತು.

ಸುದ್ದಿ ವಿಡಿಯೊ ಆಗಿ ಹಾಸನದಲ್ಲಿರುವ ಅಳಿಯನ ಫೋನಿಗೂ ಬಂತು. ದೀಪಾವಳಿಗೆ ಮಾವನ ಮನೆಗೆ ಬಂದವರು ಬೀರು ತೆಗೆಸಿ ಫೋಟೊ ಹೊಡೆದುಕೊಂಡರು. ಫೋಟೊದಲ್ಲಿ 1975ರ ಡೈಮಿನ ಮೇಲೆ ‘ಎಸ್’ ಕಾಣಲಿಲ್ಲ. ಹುಡುಕುತ್ತಾ ಹೋದಾಗ 1990ರ ಸೆಟ್ಟಿನ ಒಂದು ಸೆಂಟಿನಲ್ಲೂ ಕಾಣಲಿಲ್ಲ. 1990ರದ್ದೂ ಹೆಸರಾಂತ ಅಪರೂಪ ಎಂದು ಅದೇ ವಿಡಿಯೊ ಹೇಳಿತ್ತು. ಅವರು ಫೋಟೊಗಳನ್ನು ಮಾರಾಟದ ಒಂದು ಜಾಲತಾಣಕ್ಕೆ ಹಾಕಿದರು.

ಮುಂದಿನದು ಬೇಗ ಬೇಗ ಆಯಿತು. ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಖರೀದಿದಾರ ಎಂದು ಹೇಳಿಕೊಂಡು ಒಬ್ಬ ಫೋನ್ ಮಾಡಿದ. ಲಕ್ಷಗಳ ಮಾತಾಡಿದ. ಮೊದಲು ಜಿಎಸ್‌ಟಿ, ಆಮೇಲೆ ನೋಂದಣಿ ಶುಲ್ಕ ಕಟ್ಟಬೇಕು ಎಂದ. ಇನ್ನೊಂದು ಕಡೆ, ಮಗ ವಿಚಾರಿಸಿದ ಬೆಂಗಳೂರಿನ ವ್ಯಾಪಾರಿಯೊಬ್ಬರು ಸೆಟ್ಟು ನೋಡದೆಯೇ ಎಲ್ಲಕ್ಕೂ ಸೇರಿಸಿ ಒಂದು ಸಣ್ಣ ಮೊತ್ತ ಹೇಳಿದರು. ಲಕ್ಷ ಎಲ್ಲಿ, ಈ ಮೊತ್ತ ಎಲ್ಲಿ? ಅಣ್ಣ ಕಡಿಮೆ ಬೆಲೆ ಹೇಳಿ ಮುಚ್ಚಿಡುತ್ತಿದ್ದಾನೆ ಎಂದು ತಂಗಿಗೆ ಅನ್ನಿಸಿತು. ಭಾವ ಕೇಳದೆ ಮಾರಾಟಕ್ಕೆ ಹಾಕಿದರು ಎಂದು ಅಣ್ಣನಿಗೆ ಸಿಟ್ಟು. ಅಮ್ಮ ಬೀರುವಿಗೆ ಬೀಗ ಹಾಕಿ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡರು.

ನನ್ನನ್ನು ಕರೆಸಿದ್ದೂ ಅವರೇ. ಅವರ ಮಗ ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿ. ನಾನು ನಾಣ್ಯ ಕೂಡಿಸುವುದು ಆ ಮನೆಗೆ ಮೊದಲಿಂದ ಗೊತ್ತು. “ಮೇಷ್ಟ್ರೇ, ಬೆಲೆ ಎಷ್ಟಾದ್ರೂ ಆಗ್ಲಿ. ಇದು ಏನು ಅಂತ ಇಬ್ಬರ ಎದುರಿಗೇ ಹೇಳಿ” ಎಂದರು. ಕಾಫಿ ಕುಯ್ಲು ಮುಗಿಯುವ ತನಕ ಯಾರಿಗೂ ಪುರುಸೊತ್ತಿರಲಿಲ್ಲ. ಫೆಬ್ರವರಿಯಲ್ಲಿ, ಹೂಮಳೆ ಬೀಳುವ ಮೊದಲು, ಎಲ್ಲರೂ ಕೂತೆವು. ಗಾಳಿ ಒಣಗಿರುವ ಕಾಲ ನಾಣ್ಯಕ್ಕೂ ಒಳ್ಳೆಯದು.

ಒಂದೇ ಕಟ್ಟುಪಾಡು ಹೇಳಿದೆ. ಯಾರೂ ಪ್ಲಾಸ್ಟಿಕ್ ಪೆಟ್ಟಿಗೆ ತೆರೆಯಬಾರದು. ನೋಡಿದ್ದನ್ನೆಲ್ಲ ಅಳಿಯ ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಮಗ ಓದಿ ಒಪ್ಪಬೇಕು.

ಅಕ್ಷರ ಯಾಕೆ ಇರುತ್ತದೆ, ಯಾಕೆ ತಪ್ಪಿಹೋಗುತ್ತದೆ

ಇದನ್ನು ಅವರಿಗೆ ಮೊದಲು ವಿವರಿಸಿದೆ. ಇಲ್ಲಿಯೂ ವಿವರಿಸಬೇಕು, ಯಾಕೆಂದರೆ ಮುಂದಿನ ತೀರ್ಮಾನಗಳೆಲ್ಲ ಇದರ ಮೇಲೆ ನಿಂತಿವೆ.

ಪ್ರೂಫ್ ನಾಣ್ಯ ತಯಾರಾಗುವ ರೀತಿಯೇ ಬೇರೆ. ಅಚ್ಚನ್ನು ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜುತ್ತಾರೆ. ನಾಣ್ಯವಾಗಬೇಕಾದ ಬಿಲ್ಲೆಯನ್ನೂ ಪಾಲಿಶ್ ಮಾಡುತ್ತಾರೆ. ಚಲಾವಣೆ ನಾಣ್ಯಕ್ಕೆ ಒಂದೇ ಹೊಡೆತ ಸಾಕು. ಪ್ರೂಫ್‌ಗೆ ಕನಿಷ್ಠ ಎರಡು, ಒತ್ತಡವೂ ಜಾಸ್ತಿ. ಹಾಗಾಗಿ ಅಂಚು ಚೂಪಾಗಿ ನಿಲ್ಲುತ್ತದೆ, ಖಾಲಿ ಜಾಗ ಕನ್ನಡಿಯಾಗುತ್ತದೆ, ಮುಖ ಮತ್ತು ಅಕ್ಷರಗಳು ಮಸುಕು ಬಿಳುಪಿನಲ್ಲಿ ಎದ್ದು ಕಾಣುತ್ತವೆ. ಒಂದು ಪ್ರೂಫ್ ಜೇಬಿನಲ್ಲಿ ತಿರುಗಿ ಸವೆದರೂ ಪ್ರೂಫೇ, ಕೆಟ್ಟ ಪ್ರೂಫ್. ಚಲಾವಣೆ ನಾಣ್ಯ ಎಷ್ಟೇ ಹೊಳೆದರೂ ಪ್ರೂಫ್ ಆಗುವುದಿಲ್ಲ.

ಅಮೆರಿಕದಲ್ಲಿ 1968ರಿಂದ ಪ್ರೂಫ್ ಸೆಟ್ಟುಗಳು ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯಲ್ಲಿ ತಯಾರಾದವು. ಅದರ ಗುರುತು ‘ಎಸ್’. ಆದರೆ ಅಚ್ಚುಗಳು ತಯಾರಾಗುತ್ತಿದ್ದದ್ದು ಫಿಲಡೆಲ್ಫಿಯಾದಲ್ಲಿ. ಅಲ್ಲಿ ಒಬ್ಬ ಕೆಲಸಗಾರ ಪ್ರತಿ ಅಚ್ಚಿನ ಮೇಲೂ ಸಣ್ಣ ಉಳಿಯಂಥ ಪಂಚಿಟ್ಟು ಸುತ್ತಿಗೆಯಿಂದ ‘ಎಸ್’ ಹೊಡೆಯಬೇಕಿತ್ತು. ಮರೆತರೆ ಆ ಅಚ್ಚಿನಿಂದ ಬಂದ ನಾಣ್ಯಗಳೆಲ್ಲ ಗುರುತಿಲ್ಲದವು. 1968, 1970, 1975 ಮತ್ತು 1983ರ ಡೈಮುಗಳು, 1971ರ ನಿಕಲ್ (ಐದು ಸೆಂಟು) ಹೀಗೆ ಹುಟ್ಟಿದವು. ಆ 1971ರ ನಿಕಲ್ 1,655 ಇರಬಹುದು ಎಂದು ಟಂಕಸಾಲೆಯೇ ಅಂದಾಜು ಮಾಡಿತ್ತು.

1985ರಿಂದ ಪ್ರೂಫ್ ನಾಣ್ಯಗಳ ಮೂಲ ಅಚ್ಚಿನಲ್ಲೇ ಗುರುತು ಸೇರಿಸಿದರು. ಇನ್ನು ಮರೆಯುವ ಪ್ರಶ್ನೆಯೇ ಇಲ್ಲ, ಅಲ್ವಾ? ಆದರೂ 1990ರಲ್ಲಿ ‘ಎಸ್’ ಇಲ್ಲದ ಪ್ರೂಫ್ ಸೆಂಟು ಬಂತು. ಕಾರಣ ಬೇರೆ. ಫಿಲಡೆಲ್ಫಿಯಾದ ಮಾಮೂಲಿ ಸೆಂಟಿಗೆ ಆಗ ಯಾವ ಗುರುತೂ ಇರುತ್ತಿರಲಿಲ್ಲ. ಅಂಥ ಮಾಮೂಲಿ ನಾಣ್ಯದ ಅಚ್ಚೊಂದು ಪ್ರೂಫ್ ಅಚ್ಚುಗಳ ಜೊತೆ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಯಿತು. ಅಲ್ಲಿ ಅದಕ್ಕೂ ಪಾಲಿಶ್ ಮಾಡಿ ಕೆಲಸಕ್ಕೆ ಹಚ್ಚಿದರು. ಸುಮಾರು 3,700 ನಾಣ್ಯ ಬಂದಿರಬೇಕೆಂದು ಅಂದಾಜು. ಅದರಲ್ಲಿ 145 ಹೊರಗೆ ಹೋಗುವ ಮೊದಲೇ ಸಿಕ್ಕಿ ನಾಶವಾದವು. ಆ ವರ್ಷ 30 ಲಕ್ಷಕ್ಕೂ ಜಾಸ್ತಿ ಸೆಟ್ಟುಗಳು ಮಾರಾಟವಾಗಿದ್ದವು.

ಅಂದರೆ 1990ರ ಸೆಟ್ಟಿನಲ್ಲಿ ‘ಎಸ್’ ಇಲ್ಲದ ಸೆಂಟು ಕಂಡರೆ ಮೂರು ಸಾಧ್ಯತೆ. ಒಂದು, ಈ ತಪ್ಪು ಅಚ್ಚಿನ ನಿಜವಾದ ಪ್ರೂಫ್. ಎರಡು, ‘ಎಸ್’ ಇದ್ದದ್ದನ್ನು ಯಾರೋ ಕೆರೆದು ತೆಗೆದದ್ದು. ಮೂರು, ಅದು ಪ್ರೂಫ್ ನಾಣ್ಯವೇ ಅಲ್ಲದಿರುವುದು. ವಿಡಿಯೊ ಹೇಳಿದ್ದು ಮೊದಲನೆಯದನ್ನು ಮಾತ್ರ.

1975ರ ಡೈಮ್

ಇದು ಬೇಗ ಮುಗಿಯಿತು. ‘ಎಸ್’ ಇತ್ತು. ಇಸವಿಯ ಮೇಲ್ಗಡೆ, ರೂಸ್ವೆಲ್ಟ್ ಕತ್ತಿನ ಬದಿಯಲ್ಲಿ. ಕನ್ನಡಿಯಂಥ ಮೇಲ್ಮೈಗೆ ಫೋನಿನ ಫ್ಲ್ಯಾಶ್ ಎದುರಿನಿಂದ ಬಿದ್ದರೆ ಸಣ್ಣ ಗುರುತು ಬೆಳಕಿನಲ್ಲಿ ಮುಳುಗಿಹೋಗುತ್ತದೆ. ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು, ಅಕ್ಕಸಾಲಿಗರು ಬಳಸುವ ಹತ್ತು ಪಟ್ಟಿನ ಮಸೂರದಲ್ಲಿ ನೋಡಿದಾಗ ಎಲ್ಲರಿಗೂ ಕಂಡಿತು. ಅಳಿಯನೇ ಮೊದಲು “ಹೌದು, ಇದೆ” ಎಂದರು.

1990ರ ಸೆಂಟ್

ಇಲ್ಲಿ ಕತೆ ಬೇರೆ. ಲಿಂಕನ್ ಚಿತ್ರದ ಪಕ್ಕ, ಇಸವಿಯ ಕೆಳಗೆ ‘ಎಸ್’ ಇರಬೇಕಾದ ಜಾಗ ನಿಜವಾಗಿಯೂ ಖಾಲಿ. ಯಾವ ಬೆಳಕಿನಲ್ಲಿ, ಯಾವ ಕೋನದಲ್ಲಿ ನೋಡಿದರೂ ಖಾಲಿ. ಮಗನೂ ಅಳಿಯನೂ ಒಬ್ಬರಾದ ಮೇಲೊಬ್ಬರು ನೋಡಿದರು. ಆ ಹೊತ್ತಿಗೆ ಮನೆಯೊಳಗೆ ಯಾರೂ ಮಾತಾಡಲಿಲ್ಲ.

ಮೊದಲು ಕೆರೆದಿದ್ದಾರಾ ನೋಡಬೇಕು. ಅಕ್ಷರ ಕೆರೆದರೆ ಆ ಜಾಗದ ಹೊಳಪು ಸುತ್ತಲಿನ ಹೊಳಪಿಗೆ ಹೊಂದುವುದಿಲ್ಲ. ಸಣ್ಣ ಗೀರು, ತಗ್ಗು, ಇಲ್ಲವೇ ಒರೆಸಿದಂಥ ಕಲೆ ಉಳಿಯುತ್ತದೆ. 1982ರ ನಡುವಿನಿಂದ ಅಮೆರಿಕದ ಸೆಂಟು ಸತುವಿನದ್ದು, ಮೇಲೆ ತಾಮ್ರದ ತೆಳು ಲೇಪ. ಕೆರೆದರೆ ಒಳಗಿನ ಬೂದು ಬಣ್ಣ ಇಣುಕುವ ಸಾಧ್ಯತೆಯೂ ಇದೆ. ಇಲ್ಲಿ ಅಂಥದ್ದೇನೂ ಇಲ್ಲ. ಇಸವಿಯ ಕೆಳಗಿನ ಜಾಗ ಪಕ್ಕದ ಜಾಗದಷ್ಟೇ ನೈಜವಾಗಿತ್ತು. ಎರಡನೇ ಸಾಧ್ಯತೆ ಬಿಟ್ಟೆವು.

ಆಮೇಲೆ, ಇದು ಪ್ರೂಫ್ ಹೌದಾ? ಪೆಟ್ಟಿಗೆ ತೆರೆಯದೆ ಮಾಡಬಹುದಾದ ಒಂದು ಸರಳ ಪರೀಕ್ಷೆ ಇದೆ. ಗೋಡೆಯ ಕ್ಯಾಲೆಂಡರಿನ ಒಂದು ಹಾಳೆಯನ್ನು ನಾಣ್ಯದ ಎದುರು ಓರೆಯಾಗಿ ಹಿಡಿಯುವುದು. ಪ್ರೂಫ್ ಆದರೆ ದಿನಾಂಕದ ಅಂಕಿ ನಾಣ್ಯದ ಖಾಲಿ ಜಾಗದಲ್ಲಿ ತಿರುಗುಮುರುಗಾಗಿ ಸ್ಪಷ್ಟವಾಗಿ ಕಾಣುತ್ತದೆ. ಅದೇ ಸೆಟ್ಟಿನ ನಿಕಲ್, ಡೈಮ್, ಕ್ವಾರ್ಟರ್ (25 ಸೆಂಟು), ಅರ್ಧ ಡಾಲರ್, ನಾಲ್ಕರಲ್ಲೂ ಅಂಕಿ ಕಂಡಿತು. ಸೆಂಟಿನಲ್ಲಿ ಕಾಣಲಿಲ್ಲ. ಬದಲಿಗೆ ನಾಣ್ಯ ತಿರುಗಿಸಿದಂತೆ ಬೆಳಕಿನ ಪಟ್ಟಿಯೊಂದು ಮೇಲ್ಮೈಯಲ್ಲಿ ಸುತ್ತು ಹಾಕಿತು. ಹೊಸ ಚಲಾವಣೆ ನಾಣ್ಯದ ಹೊಳಪು ಹೀಗೇ ಇರುತ್ತದೆ.

ಅಂಚು ನೋಡಿದೆವು. ಉಳಿದ ನಾಲ್ಕರ ಅಂಚು ಚೌಕಾಗಿ, ಚೂಪಾಗಿ ಇತ್ತು. ಸೆಂಟಿನದು ಸ್ವಲ್ಪ ದುಂಡು. ಲಿಂಕನ್ ಮುಖಕ್ಕೂ ಹಿಂದಿನ ಜಾಗಕ್ಕೂ ಹೊಳಪಿನಲ್ಲಿ ವ್ಯತ್ಯಾಸವೇ ಇರಲಿಲ್ಲ. ಆ ವರ್ಷದ ಪ್ರೂಫ್‌ನಲ್ಲಿ ಆ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತೆ ಇರಬೇಕು. ತೂಕ ಮಾಡಿ ನೋಡೋಣವೇ ಎಂದು ಮಗ ಕೇಳಿದರು. ತೂಕ ಇಲ್ಲಿ ಏನನ್ನೂ ಹೇಳುವುದಿಲ್ಲ. ಪ್ರೂಫ್ ಸೆಂಟಿಗೂ ಮಾಮೂಲಿ ಸೆಂಟಿಗೂ 2.5 ಗ್ರಾಂ. ಒಂದೇ ಲೋಹ, ಒಂದೇ ಅಳತೆ.

ಕೊನೆಗೆ ಪೆಟ್ಟಿಗೆಯನ್ನೇ ನೋಡಿದೆವು. ಸೆಂಟಿನ ಗುಳಿಯ ಹತ್ತಿರ ಪ್ಲಾಸ್ಟಿಕ್ ಜೋಡಣೆ ಬಿಳಿಚಿಕೊಂಡಿತ್ತು. ಒಂದು ಮೂಲೆಯಲ್ಲಿ ಸಣ್ಣ ಸೀಳು. ಬಲವಂತವಾಗಿ ಬಿಚ್ಚಿದಾಗಲೋ ಬಿದ್ದಾಗಲೋ ಬರುವ ಗುರುತು ಅದು.

ನಾನು ಹೇಳಿದ್ದು ಇಷ್ಟು: ಇದು 1990ರ ಫಿಲಡೆಲ್ಫಿಯಾದ ಚಲಾವಣೆ ಸೆಂಟು. ಅದರಲ್ಲಿ ‘ಎಸ್’ ಇಲ್ಲ, ಇರಬೇಕಾಗಿಯೂ ಇಲ್ಲ. ಯಾವಾಗಲೋ ಪ್ರೂಫ್ ಸೆಂಟಿನ ಜಾಗಕ್ಕೆ ಬಂದು ಕೂತಿದೆ.

“ಹಾಗಾದ್ರೆ ಯಾರೋ ಬದಲಾಯಿಸಿದ್ದಾರೆ” ಎಂದರು ಅಳಿಯ. ಅವರ ಮಾತಿನ ಹಿಂದಿನ ಅನುಮಾನ ಎಲ್ಲರಿಗೂ ಅರ್ಥವಾಯಿತು. ಮಗನ ಮುಖ ಬಿಗಿಯಾಯಿತು. ಈ ಕ್ಷಣವನ್ನು ನಾನು ಯಾವುದೇ ಮನೆಯಲ್ಲಿ ತುಂಬ ಎಚ್ಚರದಿಂದ ದಾಟುತ್ತೇನೆ. ಮೋಸ ಎಂಬ ಪದ ಒಮ್ಮೆ ಬಾಯಿಂದ ಬಂದರೆ ಆಮೇಲೆ ಯಾವ ಮಸೂರವೂ ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ ‘ಯಾರು’ ಎಂದು ಕೇಳಲಿಲ್ಲ. “ಈ ಪೆಟ್ಟಿಗೆ ಯಾವತ್ತಾದರೂ ಬಿದ್ದಿತ್ತಾ ಅಮ್ಮ?” ಎಂದು ಕೇಳಿದೆ.

ಬಿದ್ದಿತ್ತು. ಮೊಮ್ಮಕ್ಕಳು ಬೇಸಿಗೆ ರಜೆಗೆ ಬಂದಿದ್ದಾಗ ಬೀರುವಿನ ಖಾನೆ ಎಳೆದು, ಪೆಟ್ಟಿಗೆಯೂ ಪಕ್ಕದ ಡಬ್ಬವೂ ಒಟ್ಟಿಗೆ ನೆಲಕ್ಕೆ ಬಿದ್ದಿದ್ದವು. ಡಬ್ಬದಲ್ಲಿ ಇದ್ದದ್ದು ಅಮೆರಿಕದ ತಮ್ಮ ಊರಿಗೆ ಬಂದಾಗೆಲ್ಲ ಜೇಬಿನಿಂದ ತೆಗೆದು ಹಾಕುತ್ತಿದ್ದ ಚಿಲ್ಲರೆ. “ಅವರೇ ಕೂತು ಕಾಸು ಆರಿಸಿ ಒಳಗಿಟ್ಟು ಒತ್ತಿ ಮುಚ್ಚಿದ್ರು. ಮಕ್ಕಳಿಗೆ ಬೈಲಿಲ್ಲ” ಎಂದರು ಅಮ್ಮ. ಅವರೇ ಅಂದರೆ ಯಜಮಾನರು.

ಡಬ್ಬ ಇನ್ನೂ ಇತ್ತು. ಬಟ್ಟೆ ಹಾಸಿ ಸುರಿದೆವು. ಹೆಚ್ಚಿನವು ಕಪ್ಪಾದ ಸೆಂಟುಗಳು, ನಡುವೆ ಕೆಲವು ಕ್ವಾರ್ಟರ್. ಅದರಲ್ಲಿ 1990ರ ಇಸವಿಯ, ಕೆಳಗೆ ‘ಎಸ್’ ಇರುವ ಒಂದು ಸೆಂಟು ಸಿಕ್ಕಿತು. ಮೇಲೆ ಬೆರಳಚ್ಚು ಕಂದಾಗಿ ಕೂತಿತ್ತು. ಆದರೆ ಅಕ್ಷರಗಳ ನಡುವಿನ ಸಂದಿಯಲ್ಲಿ ಕನ್ನಡಿ ಹೊಳಪು ಉಳಿದಿತ್ತು. ಅಂಚು ಚೌಕ.

ಇದು ಈ ಸೆಟ್ಟಿನದೇ ಎಂದು ಹೇಗೆ ಹೇಳುವುದು? 1990ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಚಲಾವಣೆಗೆ ಸೆಂಟು ಹೊಡೆಯಲೇ ಇಲ್ಲ. ಆ ವರ್ಷದ ‘ಎಸ್’ ಸೆಂಟು ಇರುವುದು ಪ್ರೂಫ್‌ನಲ್ಲಿ ಮಾತ್ರ. ಅಂಗಡಿಯ ಚಿಲ್ಲರೆಯಾಗಿ ಅದು ಯಾರ ಜೇಬಿಗೂ ಬರುವುದು ಕಷ್ಟ. ಮನೆಯಲ್ಲಿದ್ದ 1990ರ ಸೆಟ್ಟು ಒಂದೇ. ಒಂದು ಕಡೆ ಪ್ರೂಫ್ ಜಾಗದಲ್ಲಿ ಚಿಲ್ಲರೆ, ಇನ್ನೊಂದು ಕಡೆ ಚಿಲ್ಲರೆ ಡಬ್ಬದಲ್ಲಿ ಪ್ರೂಫ್. ಇದಕ್ಕಿಂತ ಹೆಚ್ಚಿನ ಸಾಕ್ಷಿ ನನಗೆ ಬೇಕಿರಲಿಲ್ಲ. ಅವರಿಗೂ ಬೇಕಾಗಲಿಲ್ಲ. ಅಳಿಯ ನೋಟ್‌ಬುಕ್ಕಿನಲ್ಲಿ ಬರೆದರು, ಮಗ ಸಹಿ ಹಾಕಿದರು.

ಯಾರೂ ಕೇಳದ ಸೆಟ್ಟು: 1979

ನನಗೆ ಮೊದಲಿನಿಂದ ಕುತೂಹಲ ಇದ್ದದ್ದು ಬೇರೆ ಇಸವಿಯ ಮೇಲೆ. 1979ರ ಸೆಟ್ಟು ಈ ಮನೆಯಲ್ಲಿ ಎರಡಿದ್ದವು. ಆ ವರ್ಷ ಸೂಸನ್ ಬಿ. ಆಂಟನಿಯ ಚಿತ್ರವಿರುವ ಸಣ್ಣ ಡಾಲರ್ ಹೊಸದಾಗಿ ಬಂದಿತ್ತು. ತಮ್ಮ ವರ್ಷದ ಆರಂಭದಲ್ಲಿ ಒಂದು, ಆಮೇಲೆ ಮತ್ತೊಂದು ಕಳಿಸಿದ್ದರಂತೆ.

1979ರಲ್ಲಿ ಅಕ್ಷರ ಇದೆಯೋ ಇಲ್ಲವೋ ಎಂಬುದು ಪ್ರಶ್ನೆಯಲ್ಲ. ಯಾವ ಆಕಾರದ್ದು ಎಂಬುದು ಪ್ರಶ್ನೆ. ‘ಎಸ್’ ಹೊಡೆಯುವ ಪಂಚು ಸವೆದುಹೋಗಿತ್ತು. ಆ ವರ್ಷದ ಹೆಚ್ಚಿನ ನಾಣ್ಯಗಳಲ್ಲಿ ‘ಎಸ್’ ತುಂಬಿಕೊಂಡ ಸಣ್ಣ ಮುದ್ದೆಯಂತೆ ಕಾಣುತ್ತದೆ. ಒಳಗಿನ ಎರಡು ಸಂದಿ ಬಹುತೇಕ ಮುಚ್ಚಿಹೋಗಿರುತ್ತವೆ. ಇದು ಟೈಪ್ 1. ವರ್ಷದ ಕೊನೆ ಕಡೆಗೆ ಹೊಸ ಪಂಚು ಬಂತು. ಅದರ ‘ಎಸ್’ ಸ್ಪಷ್ಟ, ಸಂದಿಗಳು ತೆರೆದಿವೆ, ತುದಿಗಳು ದುಂಡಗೆ. ಇದು ಟೈಪ್ 2. ಇಡೀ ವರ್ಷದಲ್ಲಿ 36 ಲಕ್ಷಕ್ಕೂ ಜಾಸ್ತಿ ಸೆಟ್ಟು ಮಾರಾಟವಾದರೂ ಟೈಪ್ 2 ಕಡಿಮೆ. ಅದರಲ್ಲೂ ಸೆಟ್ಟಿನ ಆರೂ ನಾಣ್ಯ ಟೈಪ್ 2 ಆಗಿರುವುದು ಇನ್ನೂ ಕಡಿಮೆ. ಆರು ನಾಣ್ಯದ ಅಚ್ಚುಗಳು ಒಂದೇ ದಿನ ಬದಲಾಗುವುದಿಲ್ಲವಲ್ಲ. ಹಳೆಯ ಅಚ್ಚಿನ ನಿಕಲ್ ಹೊಸ ಅಚ್ಚಿನ ಡಾಲರಿನ ಜೊತೆ ಒಂದೇ ಪೆಟ್ಟಿಗೆ ಸೇರಬಹುದು.

ಎರಡೂ ಸೆಟ್ಟನ್ನು ಅಕ್ಕಪಕ್ಕ ಇಟ್ಟೆವು. ಈ ಪ್ರಭೇದ ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಚಿತ್ರ ನೋಡಿ ಕಲಿತವರಿಗೆ ಟೈಪ್ 1ರ ಸ್ವಲ್ಪ ಸ್ಪಷ್ಟವಾದ ‘ಎಸ್’ ಕೂಡ ಟೈಪ್ 2ರಂತೆ ಕಾಣುತ್ತದೆ. ಎರಡನ್ನೂ ಒಟ್ಟಿಗೆ ಕಂಡವರಿಗೆ ಆಮೇಲೆ ಗೊಂದಲ ಆಗುವುದಿಲ್ಲ. ಮೊದಲ ಸೆಟ್ಟಿನ ಆರೂ ಟೈಪ್ 1. ಎರಡನೇ ಸೆಟ್ಟಿನಲ್ಲಿ ಡಾಲರಿನಿಂದ ಶುರು ಮಾಡಿದೆವು. ತೆರೆದ, ಚೊಕ್ಕ ‘ಎಸ್’. ಅರ್ಧ ಡಾಲರ್ ಹಾಗೇ. ಕ್ವಾರ್ಟರ್, ಡೈಮ್, ಸೆಂಟು ಹಾಗೇ. ನಿಕಲ್ ಮಾತ್ರ ಮುದ್ದೆ.

ಐದು ಹೊಸದು, ಒಂದು ಹಳೆಯದು. ಪೂರ್ತಿ ಟೈಪ್ 2 ಸೆಟ್ಟು ಎಂದು ಮಾರಲು ಬರುವುದಿಲ್ಲ. ಆದರೆ ಆರರಲ್ಲಿ ಹೆಚ್ಚು ಬೆಲೆ ಇರುವುದು ಡಾಲರಿಗೆ, ಅದು ಟೈಪ್ 2. ಅಮೆರಿಕದಲ್ಲಿ ಮಾಮೂಲಿ 1979ರ ಸೆಟ್ಟಿಗೆ ಕೊಡುವ ಬೆಲೆಯ ಹಲವು ಪಟ್ಟು ಈ ಒಂದು ಡಾಲರಿಗೇ ಸಿಗುತ್ತದೆ. ನಮ್ಮ ದುಡ್ಡಿನಲ್ಲಿ ಸಾವಿರಗಳ ಮಾತು, ಲಕ್ಷಗಳದ್ದಲ್ಲ. ನಾಣ್ಯದ ಅಸಲಿತನ, ದರ್ಜೆ ಪರೀಕ್ಷಿಸುವ ಪಿಸಿಜಿಎಸ್, ಎನ್‌ಜಿಸಿಯಂಥ ಅಮೆರಿಕನ್ ಸಂಸ್ಥೆಗಳಿಗೆ ಕಳಿಸಿ ಪ್ರಮಾಣಪತ್ರದ ಡಬ್ಬಿ ಹಾಕಿಸಬಹುದಾ ಎಂದು ಅಳಿಯ ಕೇಳಿದರು. ಶುಲ್ಕ, ವಿಮೆ, ಹೋಗಿಬರುವ ಸಾಗಣೆ ಸೇರಿದರೆ ನಾಣ್ಯದ ಬೆಲೆ ಅದರಲ್ಲೇ ಕರಗುತ್ತದೆ ಎಂದೆ.

ನನ್ನ ಮಟ್ಟಿಗೆ ಆ ನಿಕಲ್ ಇರುವುದರಿಂದಲೇ ಈ ಸೆಟ್ಟು ಚೆನ್ನ. ಪಂಚು ಬದಲಾದ ಆ ಕೆಲವು ವಾರಗಳು ಒಂದೇ ಪೆಟ್ಟಿಗೆಯಲ್ಲಿ ಕಾಣುತ್ತವೆ. ಯಾರೋ ನಾಣ್ಯ ಬದಲಾಯಿಸಿ ‘ಪೂರ್ತಿ’ ಮಾಡಿದ ಸೆಟ್ಟಿಗಿಂತ ಇದನ್ನು ನಾನು ಹೆಚ್ಚು ಗೌರವಿಸುತ್ತೇನೆ.

1981ರ ಸೆಟ್ಟಿನಲ್ಲೂ ಎರಡು ಟೈಪ್ ಇವೆ. 1979ರ ಕೊನೆಗೆ ಬಂದ ಪಂಚು ಆ ಹೊತ್ತಿಗೆ ಸವೆದು ಮತ್ತೆ ಬದಲಾಯಿತು. ಅಲ್ಲಿನ ವ್ಯತ್ಯಾಸ ಬಹಳ ಸೂಕ್ಷ್ಮ, ಟೈಪ್ 2ರ ‘ಎಸ್’ನ ಮೇಲ್ಭಾಗ ಚಪ್ಪಟೆ, ತುದಿಗಳು ಉಬ್ಬಿವೆ. ಈ ಮನೆಯ ಸೆಟ್ಟು ಟೈಪ್ 1.

ವಿಭೂತಿ ತಿಂದ ಹತ್ತು ರೂಪಾಯಿ

ಗಾಂಧಿ ಸೆಟ್ಟನ್ನು ಮಕ್ಕಳಿಬ್ಬರೂ ಪಟ್ಟಿಯಲ್ಲೇ ಬರೆದಿರಲಿಲ್ಲ. ನಮ್ಮ ದೇಶದ್ದು, ಬೆಲೆ ಇರಲಿಕ್ಕಿಲ್ಲ ಎಂಬ ಲೆಕ್ಕ. ಈ ಮಾತು ನನಗೆ ನೋವು ಕೊಡುತ್ತದೆ. ಅಮೆರಿಕದ ಸೆಟ್ಟುಗಳು ವರ್ಷಕ್ಕೆ ಲಕ್ಷಗಟ್ಟಲೆ ಬಂದವು. 1969ರ ಗಾಂಧಿ ಪ್ರೂಫ್ ಸೆಟ್ಟು ಕ್ಯಾಟಲಾಗ್‌ಗಳ ಪ್ರಕಾರ ಹತ್ತು ಸಾವಿರದ ಒಳಗೆ. ಹತ್ತು ರೂಪಾಯಿ, ಒಂದು ರೂಪಾಯಿ, 50 ಪೈಸೆ, 20 ಪೈಸೆ, ನಾಲ್ಕು ನಾಣ್ಯ. ಹತ್ತು ರೂಪಾಯಿ 15 ಗ್ರಾಂ, ಅದರಲ್ಲಿ ಶೇ. 80 ಬೆಳ್ಳಿ. ಅಮೆರಿಕದಿಂದ ಬಂದ ಈ ಮಾಮೂಲಿ ಸೆಟ್ಟುಗಳಲ್ಲಿ ಒಂದು ಗುಂಜಿ ಬೆಳ್ಳಿಯೂ ಇಲ್ಲ, ಎಲ್ಲ ತಾಮ್ರ-ನಿಕಲ್ ಮತ್ತು ಸೆಂಟಿನ ಲೋಹ.

ಇಲ್ಲೂ ಅಕ್ಷರವೇ ದಾರಿ. ಮುಂಬೈ ಟಂಕಸಾಲೆಯ ಚಲಾವಣೆ ನಾಣ್ಯಕ್ಕೆ ವಜ್ರಾಕಾರದ ಚುಕ್ಕೆ. ಆ ಕಾಲದ ಅಲ್ಲಿನ ಪ್ರೂಫ್‌ಗೆ ‘ಬಿ’ ಅಕ್ಷರ. 1996ರಿಂದ ಅದು ‘ಎಂ’ ಆಯಿತು. ಹೊಳೆಯುವ ಚಲಾವಣೆ ನಾಣ್ಯಗಳನ್ನು ಡಬ್ಬಿಗೆ ಜೋಡಿಸಿ ಪ್ರೂಫ್ ಎಂದು ಮಾರುವವರು ಇದ್ದಾರೆ. ಗುರುತು ನೋಡಿದರೆ ಬಚಾವ್. ಈ ಮನೆಯ ನಾಲ್ಕರಲ್ಲೂ ‘ಬಿ’ ಇತ್ತು.

ಆದರೆ ಹತ್ತು ರೂಪಾಯಿಯ ಕನ್ನಡಿ ಹೋಗಿತ್ತು. ಖಾಲಿ ಜಾಗದ ತುಂಬ ಕೂದಲೆಳೆಯಂಥ ಗೀರುಗಳು. ಅಮ್ಮ ಮದುವೆಯಾಗಿ ಬಂದ ಮೇಲೆ ಪ್ರತಿ ವರ್ಷ ಲಕ್ಷ್ಮೀಪೂಜೆಗೆ ಆ ಬೆಳ್ಳಿ ರೂಪಾಯಿಯನ್ನು ಡಬ್ಬಿಯಿಂದ ತೆಗೆದು ವಿಭೂತಿಯಿಂದ ಉಜ್ಜಿ ಕಲಶದ ಮುಂದೆ ಇಡುತ್ತಿದ್ದರು. ಮನೆಯ ಬೆಳ್ಳಿ ದೀಪ, ಪಂಚಪಾತ್ರೆಗೆ ಮಾಡುವಂತೆಯೇ. ಪ್ರೂಫ್‌ನ ಕನ್ನಡಿ ಒಮ್ಮೆ ಒರೆಸಿದರೂ ಗೀರಾಗುತ್ತದೆ. ಗೀರಾದ ಮೇಲೆ ಹಿಂದಕ್ಕೆ ಬರುವುದಿಲ್ಲ. ಕೂಡಿಸುವವರ ಲೆಕ್ಕದಲ್ಲಿ ಆ ನಾಣ್ಯದ ಬೆಲೆ ಬೆಳ್ಳಿಯ ಬೆಲೆಗೆ ಹತ್ತಿರ ಇಳಿದಿದೆ ಎಂದು ಹೇಳಲೇಬೇಕಾಯಿತು. ಅಮ್ಮ “ಅವರು ಯಾವತ್ತೂ ಬೇಡ ಅನ್ನಲಿಲ್ಲ” ಎಂದರು. ಯಜಮಾನರಿಗೆ ಪ್ರೂಫ್ ಎಂದರೆ ಏನು ಅಂತ ಖಂಡಿತ ಗೊತ್ತಿತ್ತು, ಸೆಟ್ಟು ಹಾಗೆ ಜೋಪಾನ ಮಾಡಿದವರು. ಆ ಒಂದು ನಾಣ್ಯವನ್ನು ಅವರು ಮನೆಯ ದೇವರಿಗೆ ಬಿಟ್ಟುಕೊಟ್ಟಿದ್ದರು ಎಂದೇ ನಾನು ತಿಳಿಯುತ್ತೇನೆ.

ಮಳೆ ಮಾಡಿದ್ದು

ಇನ್ನೊಂದು ಹಾನಿ ನಿಧಾನವಾಗಿ ಆದದ್ದು. ಆಲ್ದೂರು ಕಡೆಯ ಮಳೆಗಾಲ ಗೊತ್ತಿದ್ದವರಿಗೆ ಹೇಳಬೇಕಿಲ್ಲ. ಜೂನ್‌ನಿಂದ ಚರ್ಮದ ಚಪ್ಪಲಿಗೆ ಬೂಷ್ಟು, ಪುಸ್ತಕಕ್ಕೆ ಬೂಷ್ಟು. ಬೀರುವಿನೊಳಗೂ ಅದೇ ಗಾಳಿ. ಅಮೆರಿಕದ ಆ ಪ್ಲಾಸ್ಟಿಕ್ ಪೆಟ್ಟಿಗೆಗಳು ಗಾಳಿ ಪೂರ್ತಿ ತಡೆಯುವುದಿಲ್ಲ. ಮೊದಲು ತೊಂದರೆಗೆ ಸಿಕ್ಕಿದ್ದು ಸೆಂಟುಗಳು. 1982ಕ್ಕೆ ಮುಂಚಿನ ಶೇ. 95 ತಾಮ್ರದವು ಕಂದಾಗಿವೆ, ಕೆಲವು ನೇರಳೆ ಬಣ್ಣಕ್ಕೆ ತಿರುಗಿವೆ. ಅದು ನೋಡಲು ಚೆಂದವೇ. ಆಮೇಲಿನ ಸತುವಿನ ಸೆಂಟುಗಳಲ್ಲಿ ಕಪ್ಪು ಚುಕ್ಕೆ, ಕೆಲವು ಕಡೆ ಲೇಪದ ಕೆಳಗೆ ಗುಳ್ಳೆ. ಗುಳ್ಳೆ ಎದ್ದ ಮೇಲೆ ಅದಕ್ಕೆ ಮದ್ದಿಲ್ಲ. ನಿಕಲ್ ಮತ್ತು ಕ್ವಾರ್ಟರ್‌ಗಳ ಮೇಲೆ ತೆಳು ಹಾಲು ಬಣ್ಣದ ಪೊರೆ ಬಂದಿದೆ.

ಮಾಡಬಹುದಾದ್ದು ಇಷ್ಟೇ. ಸೆಟ್ಟುಗಳನ್ನು ಮುಚ್ಚಳ ಬಿಗಿಯಾಗಿ ಕೂರುವ ಡಬ್ಬದಲ್ಲಿಡಬೇಕು. ಜೊತೆಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್ ಹಾಕಬೇಕು, ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಬೇಕು. ವೃತ್ತಪತ್ರಿಕೆ ಸುತ್ತಬಾರದು, ಅದರ ಗಂಧಕದ ಅಂಶ ತಾಮ್ರ-ಬೆಳ್ಳಿ ಎರಡನ್ನೂ ಕಪ್ಪಾಗಿಸುತ್ತದೆ. ಮೆತ್ತಗಿನ ಪಿವಿಸಿ ಹಾಳೆಯಲ್ಲಿ ಇಟ್ಟರೆ ವರ್ಷ ಕಳೆದಂತೆ ಹಸಿರು ಅಂಟು ಬಿಡುತ್ತದೆ. ತೊಳೆಯುವುದಂತೂ ಬೇಡವೇ ಬೇಡ.

ಪಾಲು

ಫೋನ್ ಮಾಡಿದವನ ವಿಷಯ ಮೊದಲು ಮುಗಿಸಿದೆವು. ತಾನು ಹಳೆ ನಾಣ್ಯ, ನೋಟುಗಳ ವ್ಯವಹಾರ ಮಾಡುವುದಿಲ್ಲ, ಅದಕ್ಕೆ ಶುಲ್ಕ ಕೇಳುವುದಿಲ್ಲ, ಯಾರಿಗೂ ಹಾಗೆ ಕೇಳಲು ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಹೊರಡಿಸಿತ್ತು. ಅಳಿಯ ದುಡ್ಡು ಕಟ್ಟಿರಲಿಲ್ಲ. ಅವರು ಆ ನಂಬರನ್ನು ಸೈಬರ್ ಸಹಾಯವಾಣಿ 1930ಕ್ಕೆ ತಿಳಿಸಿದರು. ಜಾಲತಾಣದ ಜಾಹೀರಾತನ್ನು ಅಲ್ಲೇ ಕೂತು ತೆಗೆದುಹಾಕಿದರು.

ಸೆಟ್ಟುಗಳನ್ನು ಇಸವಿ ಲೆಕ್ಕದಲ್ಲಿ ಒಂದು ನಿನಗೆ, ಒಂದು ನನಗೆ ಎಂದು ಹಂಚುವ ಯೋಚನೆ ಮಗನಿಗಿತ್ತು. ನಾನು ಬೇಡ ಎಂದೆ. 1973ರಿಂದ 1998ರವರೆಗೆ ಒಂದೂ ತಪ್ಪದ ಸಾಲು, ಒಬ್ಬರೇ ಕಳಿಸಿದ್ದು, ಒಬ್ಬರೇ ಕಾಪಾಡಿದ್ದು. ಬಿಡಿಯಾಗಿ ಮಾರಿದರೆ ಹೆಚ್ಚಿನ ಸೆಟ್ಟುಗಳಿಗೆ ಸಿಗುವುದು ಕೆಲವು ನೂರು ರೂಪಾಯಿ. ಸಾಲಾಗಿ ಉಳಿದರೆ ಅದಕ್ಕೊಂದು ಅರ್ಥ ಇದೆ. ಇದನ್ನು ಒತ್ತಿ ಹೇಳಿದೆ.

ತೀರ್ಮಾನಕ್ಕೆ ಸಹಾಯ ಮಾಡಿದ್ದು ಹವೆ. ಹಾಸನದಲ್ಲಿ ಆಲ್ದೂರಿನಷ್ಟು ಮಳೆ ಇಲ್ಲ, ತೇವವೂ ಕಡಿಮೆ. ಇಡೀ ಸಾಲು ಮಗಳ ಮನೆಗೆ ಹೋಗಲಿ, ಅಲ್ಲಿ ಬಾಳಿಕೆ ಜಾಸ್ತಿ ಎಂದು ಅಣ್ಣನೇ ಹೇಳಿದರು. ಎರಡನೇ 1979ರ ಸೆಟ್ಟು ಮತ್ತು ಗಾಂಧಿ ಸೆಟ್ಟಿನ ಮೂರು ನಾಣ್ಯ ಅಣ್ಣನ ಹತ್ತಿರ ಉಳಿದವು. ಹತ್ತು ರೂಪಾಯಿ ಅಮ್ಮನದು. ಸಾಲಿನಿಂದ ಏನನ್ನಾದರೂ ಮಾರುವುದಾದರೆ ಇಬ್ಬರೂ ಒಪ್ಪಬೇಕು ಎಂದು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿದ್ದಾರೆ.

1990ರ ಪೆಟ್ಟಿಗೆಯನ್ನು ಮತ್ತೆ ಬಿಚ್ಚಿ ನಿಜವಾದ ಸೆಂಟನ್ನು ಒಳಗೆ ಕೂರಿಸೋಣ ಎಂದು ಅಳಿಯನಿಗೆ ಆಸೆ ಇತ್ತು. ಆ ಪ್ಲಾಸ್ಟಿಕ್ ಇನ್ನೊಮ್ಮೆ ಒತ್ತಡ ತಡೆಯುವುದಿಲ್ಲ, ಬೇಡ ಎಂದೆ. ‘ಎಸ್’ ಸೆಂಟನ್ನು ಪಿವಿಸಿ ಇಲ್ಲದ ಸಣ್ಣ ಕವರಿನಲ್ಲಿ ಹಾಕಿ ಅದೇ ರಟ್ಟಿನ ಡಬ್ಬಿಯೊಳಗೆ ಇಟ್ಟಿದ್ದೇವೆ. ಜೊತೆಗೆ ಅಳಿಯನ ಕೈಬರಹದ ಚೀಟಿ: ‘ಪೆಟ್ಟಿಗೆಯೊಳಗಿನ ಸೆಂಟು ಚಲಾವಣೆಯದು. ಈ ಸೆಟ್ಟಿನ ಮೂಲ ಸೆಂಟು ಈ ಕವರಿನಲ್ಲಿದೆ.’